ಮಹಮೂದ್ ಗವಾನ್

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಎಕಂಬಾ ಎಂಬ ಊರಿದೆ. ಅದರ ಸುತ್ತಿನ ಸೀಮೆ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬೇಸಾಯದ ಸೀಮೆ. ಜೋಳ, ತೊಗರಿ, ಕಡಲೆ ಇಲ್ಲಿಯ ಬೆಳೆಗಳು. ಹದಿನೈದನೆಯ ಶತಮಾನದಲ್ಲಿ ಈ ಭಾಗವು ಬಹಮನಿ ಸುಲ್ತಾನರ ಆಳ್ವಿಕೆಗೆ ಸೇರಿತ್ತು. ಆ ರಾಜ್ಯದ ಭೂಕಂದಾಯಕ್ಕೆ ಒಂದು ಕ್ರಮವನ್ನು ತಂದವನು ಮಂತ್ರಿ ಮಹಮೂದ್ ಗವಾನ್.

ಗವಾನನು ಪರ್ಷಿಯಾದ ಗೀಲಾನ್ ಪ್ರಾಂತದವನು. ವ್ಯಾಪಾರಿಯಾಗಿ ಕಡಲು ದಾಟಿ ದಾಭೋಳ ಬಂದರಿನಲ್ಲಿಳಿದು, 1453ರ ಸುಮಾರಿಗೆ ಬೀದರಿಗೆ ಬಂದನು. ಮೂರನೆಯ ಮಹಮ್ಮದ್ ಷಾನ ಕಾಲದಲ್ಲಿ ಪ್ರಧಾನಿಯ ಪದವಿಗೇರಿದನು. ಅವನು 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದರಸಾ ಎಲ್ಲರಿಗೂ ಪರಿಚಿತ. ಅವನ ಕಂದಾಯದ ಕೆಲಸವನ್ನು ಬಲ್ಲವರು ಕಡಿಮೆ.

ಆಗ ರಾಜ್ಯವು ತರಫ್‌ಗಳೆಂಬ ನಾಲ್ಕು ದೊಡ್ಡ ಪ್ರಾಂತಗಳಾಗಿ ಹಂಚಿಹೋಗಿತ್ತು. ಅವುಗಳ ಅಧಿಪತಿಗಳು ಹೆಸರಿಗೆ ಅಧಿಕಾರಿಗಳು, ನಡೆಯಲ್ಲಿ ಅರಸರು. ಹುಟ್ಟುವಳಿಯೂ ಕೋಟೆಗಳೂ ಅವರ ಕೈಯಲ್ಲಿದ್ದವು. ಗವಾನನು ನಾಲ್ಕು ತರಫ್‌ಗಳನ್ನು ಎಂಟಾಗಿ ಒಡೆದನು. ಒಬ್ಬ ಅಧಿಪತಿಗೆ ಒಂದೇ ಕೋಟೆಯನ್ನು ಬಿಟ್ಟು, ಉಳಿದವನ್ನು ಸುಲ್ತಾನನು ನೇಮಿಸಿದ ಕಿಲ್ಲೇದಾರರಿಗೆ ಒಪ್ಪಿಸಿದನು. ಪ್ರತಿ ಪ್ರಾಂತದಲ್ಲಿಯೂ ಕೆಲವು ಭೂಮಿಗಳನ್ನು ಬೇರ್ಪಡಿಸಿ, ಅವುಗಳ ಆದಾಯವು ನೇರವಾಗಿ ಬೊಕ್ಕಸಕ್ಕೆ ಬರುವಂತೆ ಮಾಡಿದನು. ಸೈನಿಕರ ಸಂಖ್ಯೆ ಗೊತ್ತುಪಡಿಸಿದ್ದಕ್ಕಿಂತ ಕಡಿಮೆಯಿದ್ದರೆ ಜಹಗೀರುದಾರನು ಆ ಹಣವನ್ನು ಹಿಂದಿರುಗಿಸಬೇಕಾಗಿತ್ತು.

ಇವೆಲ್ಲಕ್ಕಿಂತ ಹಿರಿದಾದುದು ಭೂಮಿಯ ಅಳತೆ. ಊರೂರಿನ ಎಲ್ಲೆಗಳನ್ನು ಗುರುತಿಸಿ, ನೆಲವನ್ನು ಅಳೆಯಿಸಿ, ಕಂದಾಯವನ್ನು ಗೊತ್ತುಪಡಿಸುವ ಏರ್ಪಾಡನ್ನು ಅವನು ಕೈಗೊಂಡನು. ಉತ್ತರದಲ್ಲಿ ಅಕ್ಬರನ ಮಂತ್ರಿ ತೋಡರಮಲ್ಲನು ಇಂಥ ಕೆಲಸಕ್ಕೆ ಹೆಸರಾದದ್ದು ಸುಮಾರು ನೂರು ವರ್ಷಗಳ ಅನಂತರ. ಎಲ್ಲೆಯೇ ಗೊತ್ತಿಲ್ಲದ ಹೊಲಕ್ಕೆ ತೆರಿಗೆ ಹಾಕುವುದೆಂದರೆ ಅಧಿಕಾರಿಯ ಬಾಯಿಗೆ ಬಂದದ್ದೇ ಲೆಕ್ಕ. ಅಳತೆಯಾದ ನೆಲದಲ್ಲಿ ರೈತನು ಕೊಡಬೇಕಾದದ್ದೂ ತಿಳಿಯುತ್ತದೆ, ನಡುವೆ ನಿಂತವನು ನುಂಗಿದ್ದೂ ತಿಳಿಯುತ್ತದೆ.

ಪ್ರಬಲರಿಗೆ ಇದು ಹಿಡಿಸಲಿಲ್ಲ. ಹೊರನಾಡಿನಿಂದ ಬಂದ ಸರದಾರರಿಗೂ ದಖನಿ ಸರದಾರರಿಗೂ ಮೊದಲೇ ವೈರವಿತ್ತು. ಗವಾನನ ವಿರೋಧಿಗಳು ಅವನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ವಶಮಾಡಿಕೊಂಡು, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಒರಿಸ್ಸಾದ ಅರಸನನ್ನು ದಂಡೆತ್ತಿ ಬರುವಂತೆ ಕರೆಯುವ ಓಲೆಯನ್ನು ಅದರಲ್ಲಿ ಬರೆದು ಸುಲ್ತಾನನಿಗೆ ತೋರಿಸಿದರು. ಮುದ್ರೆಯು ತನ್ನದೇ, ಬರಹವು ತನ್ನದಲ್ಲವೆಂದು ಗವಾನನು ಅರಿಕೆಮಾಡಿದರೂ ಸುಲ್ತಾನನು ವಿಚಾರಣೆಗೆ ನಿಲ್ಲಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಪಾಳೆಯದಲ್ಲಿ ಆ ಎಪ್ಪತ್ತರ ಮುದುಕನ ಶಿರಚ್ಛೇದವಾಯಿತು.

ಮಂತ್ರಿಯ ಮನೆಯಲ್ಲಿ ಅಪಾರ ಧನವಿರಬಹುದೆಂದು ಸುಲ್ತಾನನು ಹುಡುಕಿಸಿದನು, ದೊರೆತದ್ದು ಅತ್ಯಲ್ಪ. ಗವಾನನು ತನ್ನ ಸ್ವಂತ ಖರ್ಚನ್ನು ಹಳೆಯ ವ್ಯಾಪಾರದ ಲಾಭದಿಂದಲೇ ನಡೆಸುತ್ತಿದ್ದನು. ಮೋಸವು ಬಯಲಾದಾಗ ಸುಲ್ತಾನನು ಬಹುವಾಗಿ ಮರುಗಿದನು; ಮರುವರ್ಷವೇ ತೀರಿಕೊಂಡನು. ಪ್ರಾಂತಾಧಿಪತಿಗಳು ಮತ್ತೆ ತಲೆಯೆತ್ತಿದರು. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯವು ಬೀದರ್, ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೇರಾರ್ ಎಂದು ಐದಾಗಿ ಒಡೆಯಿತು.