ನಲವತ್ತೆರಡರಲ್ಲಿ ಮತ್ತೆ ಕೋಲು ಹಿಡಿದ ಧ್ಯಾನ್‌ಚಂದ್

ಆಗಸ್ಟ್ 29ರಂದು ನಮ್ಮ ಧರ್ಮಸಭೆ ಸ್ನಾನಿಕ ಯೊವಾನ್ನರ ಹುತಾತ್ಮತೆಯನ್ನು ಸ್ಮರಿಸುತ್ತದೆ. ಅದೇ ದಿನ ದೇಶದ ಶಾಲೆಗಳಲ್ಲಿ ರಾಷ್ಟ್ರೀಯ ಕ್ರೀಡಾ ದಿನ ನಡೆಯುತ್ತದೆ. ಏಕೆಂದರೆ ಹಾಕಿ ಆಟಗಾರ ಮೇಜರ್ ಧ್ಯಾನ್‌ಚಂದ್ ಹುಟ್ಟಿದ್ದು 1905ರ ಆಗಸ್ಟ್ 29ರಂದು. ತನ್ನ ಹಿಂದೆ ಬರುವವನಿಗಾಗಿ ತಾನು ಬದಿಗೆ ಸರಿಯಬೇಕೆಂದು ತಿಳಿದಿದ್ದ ಪ್ರವಾದಿಯ ನೆನಪೂ ಆಟ ನಿಲ್ಲಿಸಲು ಹೊರಟರೂ ಜನ ನಿಲ್ಲಿಸಗೊಡದ ಒಬ್ಬ ಆಟಗಾರನ ನೆನಪೂ ಒಂದೇ ದಿನ ಬರುವುದು ಆಕಸ್ಮಿಕವೇ ಸರಿ. ಆದರೂ ಆ ಆಕಸ್ಮಿಕವೇ ನಮಗೆ ಈ ಲೇಖನ ಬರೆಯಲು ನೆಪವಾಯಿತು.

ಧ್ಯಾನ್‌ಚಂದ್ ಕ್ರೈಸ್ತರಲ್ಲ, ನಮ್ಮ ಕರಾವಳಿಯವರೂ ಅಲ್ಲ. ಹಾಗಿದ್ದರೂ ಪಣಂಬೂರಿನ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇವೆ. 1974ರಲ್ಲಿ ಪಣಂಬೂರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಬಂದರು, ರಸಗೊಬ್ಬರ ಕಾರ್ಖಾನೆ, ಕುದುರೆಮುಖ ಕಂಪೆನಿಯ ಘಟಕ ಎಂದು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ತಲೆಮಾರಿನವರು ಈಗ ನಿವೃತ್ತರು. ಕೂಳೂರು, ಸುರತ್ಕಲ್ ಕಡೆ ಮನೆಭೇಟಿಗೆ ಹೋಗುವ ಯಾವ ಗುರುವಿಗೂ ಅವರ ಪರಿಚಯವಿದೆ. ಕೈಕಾಲು ಗಟ್ಟಿಯಾಗಿಯೇ ಇರುತ್ತದೆ, ಕೆಲಸ ಮಾತ್ರ ಇರುವುದಿಲ್ಲ. ಕೆಲವರನ್ನು ಕಂಪೆನಿ ಮತ್ತೆ ಕರೆಯುತ್ತದೆ, ಕೆಲವರನ್ನು ಮರೆತೇಬಿಡುತ್ತದೆ. ಧ್ಯಾನ್‌ಚಂದರಿಗೆ ಈ ಎರಡೂ ಆದವು.

ಅವರ ಬಾಲ್ಯ ಮತ್ತು ಕೀರ್ತಿಯ ಕಾಲವನ್ನು ಬೇಗನೆ ಹೇಳಿ ಮುಗಿಸುತ್ತೇವೆ, ಅದು ಎಲ್ಲರಿಗೂ ತಿಳಿದ ಕಥೆ. ಹುಟ್ಟಿದ್ದು ಅಲಹಾಬಾದಿನಲ್ಲಿ, ಬೆಳೆದದ್ದು ಝಾನ್ಸಿಯಲ್ಲಿ. ತಂದೆ ಸೈನ್ಯದಲ್ಲಿದ್ದುದರಿಂದ ಊರಿಂದೂರಿಗೆ ವರ್ಗ, ಹಾಗಾಗಿ ಶಾಲೆ ಆರು ವರ್ಷಕ್ಕೇ ನಿಂತಿತು. 1922ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದರು. ಅಲ್ಲಿಯವರೆಗೆ ಹಾಕಿಗಿಂತ ಕುಸ್ತಿಯೇ ಇಷ್ಟ. ರೆಜಿಮೆಂಟಿನ ಸುಬೇದಾರ್ ಮೇಜರ್ ಬಲೆ ತಿವಾರಿ ಎಂಬವರು ಕೋಲು ಹಿಡಿಯುವುದನ್ನು ಕಲಿಸಿದರು. ಹಗಲು ಕೆಲಸ ಮುಗಿಸಿ ರಾತ್ರಿ ಬೆಳದಿಂಗಳಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ಧ್ಯಾನ್‌ಸಿಂಗ್ ಎಂಬ ಹೆಸರು ಧ್ಯಾನ್‌ಚಂದ್ ಆಯಿತೆಂದು ಹೇಳುತ್ತಾರೆ. 1926ರಲ್ಲಿ ಸೇನಾ ತಂಡದೊಂದಿಗೆ ನ್ಯೂಜಿಲೆಂಡಿಗೆ ಹೋದರು. ಆ ತಂಡ 21 ಪಂದ್ಯಗಳಲ್ಲಿ 18ನ್ನು ಗೆದ್ದಿತು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಭಾರತ ಐದು ಪಂದ್ಯಗಳಲ್ಲಿ 29 ಗೋಲು ಹೊಡೆಯಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಅದರಲ್ಲಿ 14 ಗೋಲು ಧ್ಯಾನ್‌ಚಂದರದ್ದು. 1932ರಲ್ಲಿ ಲಾಸ್ ಏಂಜಲಿಸಿನಲ್ಲಿ ತಮ್ಮ ರೂಪ್‌ಸಿಂಗ್ ಜೊತೆಗಿದ್ದರು. ಅಮೆರಿಕದ ವಿರುದ್ಧ 24-1ರ ಗೆಲುವಿನಲ್ಲಿ ಅಣ್ಣನದು ಎಂಟು ಗೋಲು, ತಮ್ಮನದು ಹತ್ತು.

1936ರ ಬರ್ಲಿನ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಲ್ಲಿ ಅವರು ನಾಯಕ. ತಲುಪಿದ ಮೇಲೆ ಜರ್ಮನಿಯ ವಿರುದ್ಧ ಆಡಿದ ಅಭ್ಯಾಸ ಪಂದ್ಯದಲ್ಲಿ ಭಾರತ 4-1ರಿಂದ ಸೋತಿತು. ತಂಡ ಬೆಚ್ಚಿಬಿದ್ದು ಊರಿಂದ ಅಲಿ ದಾರಾ ಎಂಬ ಯುವಕನನ್ನು ತುರ್ತಾಗಿ ಕರೆಸಿಕೊಂಡಿತು. ಮಳೆಯಿಂದಾಗಿ ಒಂದು ದಿನ ಮುಂದೆ ಹೋದ ಫೈನಲ್ ನಡೆದದ್ದು ಆಗಸ್ಟ್ 15ರಂದು, ನಮಗೆ ಮಾತೆಯ ಸ್ವರ್ಗಾರೋಹಣದ ಹಬ್ಬದ ದಿನ. ಆ ದಿನಾಂಕಕ್ಕೆ ಇನ್ನೊಂದು ಅರ್ಥ ಬರುವುದಕ್ಕೆ ಇನ್ನೂ ಹನ್ನೊಂದು ವರ್ಷ ಇತ್ತು. ಧ್ಯಾನ್‌ಚಂದ್ ಮೊಳೆ ಬೂಟು ಕಳಚಿ ರಬ್ಬರ್ ತಳದ ಬೂಟಿನಲ್ಲಿ ಓಡಿದರು. ಜರ್ಮನಿಯ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಹಲ್ಲು ಮುರಿದುಕೊಂಡರೂ ಮತ್ತೆ ಬಂದು ಆಡಿದರು. ಭಾರತ 8-1ರಿಂದ ಗೆದ್ದಿತು. ಹಿಟ್ಲರ್ ಅವರನ್ನು ಜರ್ಮನ್ ಸೈನ್ಯಕ್ಕೆ ಕರೆದನೆಂಬ ಕಥೆಯನ್ನು ನಮ್ಮ ಮಕ್ಕಳು ಭಾಷಣ ಸ್ಪರ್ಧೆಗಳಲ್ಲಿ ಹೇಳುವುದುಂಟು. ಅದಕ್ಕೆ ಗಟ್ಟಿ ಆಧಾರವಿಲ್ಲ, ಕೋಲಿನೊಳಗೆ ಅಯಸ್ಕಾಂತವಿದೆಯೆಂದು ಒಡೆದು ನೋಡಿದರೆಂಬ ಕಥೆಗೂ ಇಲ್ಲ. ಅವರಿಗೆ ಆ ಕಥೆಗಳು ಬೇಕಾಗಿಯೂ ಇಲ್ಲ.

ಬರ್ಲಿನಿನ ಎರಡು ವಾರಗಳ ಬಳಿಕ ಅವರಿಗೆ 31 ತುಂಬಿತು. ಆ ಕಾಲದ ಫಾರ್ವರ್ಡ್ ಆಟಗಾರನಿಗೆ ಅದು ಇಳಿಹೊತ್ತು. ಮುಂದೆ ಯುದ್ಧ ಬಂದು 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. ಯುದ್ಧದ ಕೊನೆಯ ಹೊತ್ತಿಗೆ ಸೇನೆಯ ಹಾಕಿ ತಂಡವನ್ನು ಕಟ್ಟಿಕೊಂಡು ಮಣಿಪುರ, ಬರ್ಮಾ, ಸಿಲೋನ್ ಎಂದು ಸೈನಿಕರಿದ್ದಲ್ಲಿಗೆಲ್ಲ ಹೋಗಿ ಆಡಿದರು. 1945ರಲ್ಲಿ ಯುದ್ಧ ಮುಗಿದಾಗ ಅವರಿಗೆ 40. ತಾನು ಸಾಕು, ಇನ್ನು ಹೊಸ ಹುಡುಗರು ಬರಬೇಕು ಎಂಬ ತೀರ್ಮಾನಕ್ಕೆ ಅವರೇ ಬಂದಿದ್ದರು. ಯಾರೂ ಅವರನ್ನು ತಂಡದಿಂದ ತೆಗೆದುಹಾಕಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

1947ರಲ್ಲಿ ಪೂರ್ವ ಆಫ್ರಿಕಾದ ಏಷ್ಯನ್ ಕ್ರೀಡಾ ಸಂಸ್ಥೆಯಿಂದ ಭಾರತೀಯ ಹಾಕಿ ಫೆಡರೇಶನ್ನಿಗೆ ಆಹ್ವಾನ ಬಂತು. ತಂಡ ಕಳುಹಿಸಿ, ಆದರೆ ಧ್ಯಾನ್‌ಚಂದ್ ಅದರಲ್ಲಿರಬೇಕು ಎಂಬುದು ಅವರ ಷರತ್ತು. ಆ ಷರತ್ತಿನ ಹಿಂದಿನ ಮನಸ್ಸು ನಮ್ಮ ಕರಾವಳಿಯವರಿಗೆ ಅರ್ಥವಾಗುತ್ತದೆ. ಕೆನ್ಯಾ, ಉಗಾಂಡಾ, ಟಾಂಗನಿಕಾಗಳಲ್ಲಿ ಪಂಜಾಬಿ ಸಿಖ್ಖರು, ಗುಜರಾತಿಗಳು, ಗೋವಾದ ಕಥೊಲಿಕರು ರೈಲ್ವೆ, ಕಚೇರಿ, ಅಂಗಡಿಗಳಲ್ಲಿ ನೆಲೆಯೂರಿದ್ದ ಕಾಲವದು. ಸಂಜೆ ಹಾಕಿ, ಭಾನುವಾರ ಇಗರ್ಜಿ, ಮತ್ತೆ ಹಾಕಿ. ಇಂದು ಗಲ್ಫಿನಲ್ಲಿರುವ ನಮ್ಮವರು ಊರಿನ ಕಲಾವಿದರನ್ನು ಕರೆಸಿಕೊಳ್ಳುವಾಗ ಹೆಸರಿರುವವರೇ ಬರಬೇಕೆಂದು ಹಟ ಹಿಡಿಯುವುದಿಲ್ಲವೇ? ಅವರಿಗೆ ಬೇಕಾಗಿದ್ದದ್ದು ಕೇವಲ ಪಂದ್ಯವಲ್ಲ, ಬರ್ಲಿನಿನಲ್ಲಿ ಆಡಿದ ಆ ಮನುಷ್ಯನನ್ನು ಕಣ್ಣಾರೆ ಕಾಣುವುದು.

ಧ್ಯಾನ್‌ಚಂದ್ ಒಪ್ಪಿದರು, ಮತ್ತೆ ನಾಯಕರಾದರು. ಆಗ ಹಾಕಿ ಹಣದ ಆಟವಾಗಿರಲಿಲ್ಲ, ಅವರ ಜೀವನ ನಡೆಯುತ್ತಿದ್ದುದು ಸೇನೆಯ ಸಂಬಳದಲ್ಲಿ. ದೇಶ ಸ್ವತಂತ್ರವಾಗಿ ಮೂರು ತಿಂಗಳಾಗಿತ್ತು. ವಿಭಜನೆಯಲ್ಲಿ ಪಂಜಾಬಿನ ಎಷ್ಟೋ ಆಟಗಾರರು ಗಡಿಯಾಚೆಗೆ ಹೋಗಿದ್ದರು. ಬರ್ಲಿನಿಗೆ ತುರ್ತಾಗಿ ಬಂದಿದ್ದ ಅದೇ ಅಲಿ ದಾರಾ ಮರುವರ್ಷ ಲಂಡನಿನಲ್ಲಿ ಪಾಕಿಸ್ತಾನದ ನಾಯಕ. ತಂಡ ನವೆಂಬರ್ 23ರಂದು ಮುಂಬಯಿಯಲ್ಲಿ ಸೇರಿ, ನಮ್ಮ ಪಣಂಬೂರಿನ ತೀರದಿಂದಲೂ ಕಾಣುವ ಇದೇ ಅರಬಿ ಸಮುದ್ರವನ್ನು ದಾಟಿ ಡಿಸೆಂಬರ್ 15ರಂದು ಮೊಂಬಾಸಾ ತಲುಪಿತು.

ಅಲ್ಲಿ 28 ಪಂದ್ಯ ಆಡಿ ಇಪ್ಪತ್ತೆಂಟನ್ನೂ ಗೆದ್ದರು. ಧ್ಯಾನ್‌ಚಂದ್ 22ರಲ್ಲಿ ಆಡಿ 60ಕ್ಕೂ ಹೆಚ್ಚು ಗೋಲು ಹೊಡೆದರು. ವಯಸ್ಸು 42. ಈ ಅಂಕಿಯನ್ನು ಇಂದಿನ ಹಾಕಿ ನೋಡಿ ಬೆಳೆದ ಯುವಕರು ಸರಿಯಾಗಿ ತೂಗಬೇಕು. ಇಂದು ಕೃತಕ ಹುಲ್ಲಿನ ಮೈದಾನವಿದೆ, ಒಲಿಂಪಿಕ್ಸಿನಲ್ಲಿ ಅದು ಬಂದದ್ದು 1976ರಲ್ಲಿ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಹೊರಗೆ ಕರೆದು ಒಳಗೆ ಕಳುಹಿಸುವ ನಿಯಮ 1992ರಿಂದ ಇದೆ. ಧ್ಯಾನ್‌ಚಂದರ ಕಾಲದಲ್ಲಿ ಬದಲಿ ಆಟಗಾರನೇ ಇಲ್ಲ. ಒಳಗೆ ಹೋದವನು 35 ನಿಮಿಷದ ಎರಡು ಅವಧಿಯನ್ನೂ ಮುಗಿಸಿಯೇ ಬರಬೇಕು. ನೆಲ ಸಮವಿಲ್ಲ, ನೈರೋಬಿಯಂತಹ ಊರು ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿದ್ದು ಉಸಿರೇ ಸಾಲದು.

ಹಾಗಾದರೆ ಅವರು ಹೇಗೆ ಆಡಿದರು? ಧ್ಯಾನ್‌ಚಂದರ ಆಟ ಎಂದೂ ಬರಿಯ ಓಟದ ಆಟವಾಗಿರಲಿಲ್ಲ. ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು, ಯಾವ ಕ್ಷಣದಲ್ಲಿ ಜೊತೆಯವನ ಕೋಲಿಗೆ ತಳ್ಳಬೇಕು ಎಂಬುದು ಅವರ ವಿದ್ಯೆ. 1933ರಲ್ಲಿ ಕಲ್ಕತ್ತೆಯ ಬೇಟನ್ ಕಪ್ ಫೈನಲ್‌ನಲ್ಲಿ ಝಾನ್ಸಿ ಹೀರೋಸ್ ತಂಡ ಬಲಿಷ್ಠ ಕಲ್ಕತ್ತಾ ಕಸ್ಟಮ್ಸನ್ನು ಒಂದೇ ಗೋಲಿನಿಂದ ಸೋಲಿಸಿತು. ಅದನ್ನು ಅವರು ತಮ್ಮ ಅತ್ಯುತ್ತಮ ಪಂದ್ಯಗಳಲ್ಲಿ ಎಣಿಸುತ್ತಿದ್ದರು. ಆ ಗೋಲು ಹೊಡೆದದ್ದು ಅವರಲ್ಲ, ಅವರು ಕೊಟ್ಟ ಪಾಸಿನಿಂದ ಇಸ್ಮಾಯಿಲ್ ಹೊಡೆದದ್ದು. ಕಾಲಿನ ವೇಗ ಮೂವತ್ತರ ಬಳಿಕ ಇಳಿಯುತ್ತದೆ, ಕಣ್ಣಳತೆ ಅಷ್ಟು ಬೇಗ ಇಳಿಯುವುದಿಲ್ಲ. ಆಫ್ರಿಕಾದಲ್ಲಿ ಅವರ ಜೊತೆ 25ರ ಹರೆಯದ ಕೆ.ಡಿ. ಸಿಂಗ್ ಬಾಬು ಇದ್ದರು. ಗೋಲು ಗಳಿಕೆಯಲ್ಲಿ ಬಾಬು ನಾಯಕನನ್ನೂ ಮೀರಿಸಿದರು. ಈ ಪ್ರವಾಸದಲ್ಲಿ ನಮಗೆ ಹೆಚ್ಚು ಹಿಡಿಸಿದ ವಿವರ ಇದೇ. ಜನ ಟಿಕೆಟು ಕೊಂಡದ್ದು ಹಿರಿಯನನ್ನು ನೋಡಲು, ಆ ಹಿರಿಯನ ಪಕ್ಕದಲ್ಲೇ ಕಿರಿಯ ಬೆಳೆದ.

ಅಂದು ಮೈದಾನದ ಸುತ್ತ ನಿಂತವರ ಸಮುದಾಯದಿಂದಲೇ ಮುಂದೆ ಕೆನ್ಯಾದ ಒಲಿಂಪಿಕ್ ತಂಡ ಎದ್ದುಬಂತು. 1956ರಲ್ಲಿ ಮೊದಲ ಬಾರಿ ಆಡಿದ ಆ ದೇಶದ ಪರವಾಗಿ 1960 ಮತ್ತು 1964ರಲ್ಲಿ ಹಿಲರಿ ಫೆರ್ನಾಂಡಿಸ್, ಆಲು ಮೆಂಡೋನ್ಸಾ ಮುಂತಾದ ಗೋವಾ ಮೂಲದವರು ಆಡಿದರು.

1948ರ ಆರಂಭದಲ್ಲಿ ಊರಿಗೆ ಮರಳಿದ ಮೇಲೆ ಧ್ಯಾನ್‌ಚಂದ್ ಗಂಭೀರ ಹಾಕಿಯಿಂದ ಮೆಲ್ಲಗೆ ಹಿಂದೆ ಸರಿಯತೊಡಗಿದರು. ಲಂಡನ್ ಒಲಿಂಪಿಕ್ಸಿಗೆ ಅವರು ಹೋಗಲಿಲ್ಲ. ಬದಲಾಗಿ, ಹೊರಡಲಿದ್ದ ತಂಡದ ಎದುರು ಉಳಿದ ಭಾರತ ತಂಡವನ್ನು ಕಟ್ಟಿಕೊಂಡು ಪ್ರದರ್ಶನ ಪಂದ್ಯ ಆಡಿದರು. ಒಲಿಂಪಿಕ್ ತಂಡ 2-1ರಿಂದ ಗೆದ್ದಿತು. ಸೋತವರ ಆ ಒಂದು ಗೋಲು ಧ್ಯಾನ್‌ಚಂದರದ್ದು.

ಎದುರಿಗೆ ಎಂತಹ ತಂಡವಿತ್ತೆಂದು ನೋಡಿ. ಲಂಡನಿಗೆ ಹೋದವರಲ್ಲಿ ಲಿಯೊ ಪಿಂಟೊ, ವಾಲ್ಟರ್ ಡಿಸೋಜ, ಲಾರಿ ಫೆರ್ನಾಂಡಿಸ್, ಮ್ಯಾಕ್ಸಿ ವಾಜ್, ರೆಜಿನಾಲ್ಡ್ ರೊಡ್ರಿಗಸ್, ಲೆಸ್ಲಿ ಕ್ಲಾಡಿಯಸ್, ರಂಗನಾಥನ್ ಫ್ರಾನ್ಸಿಸ್ ಇದ್ದರು. ನಮ್ಮ ಇಗರ್ಜಿಯ ದಾಖಲೆ ಪುಸ್ತಕ ತೆರೆದಂತಿದೆ! ಗೋಲ್‌ಕೀಪರ್ ಲಿಯೊ ಪಿಂಟೊ ಹುಟ್ಟಿದ್ದು ನೈರೋಬಿಯಲ್ಲೇ, ಆಗ ಅವರಿಗೂ 34 ಆಗಿತ್ತು. ಕಿಶನ್‌ಲಾಲ್ ನಾಯಕ, ಬಾಬು ಉಪನಾಯಕ. ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಅವರು ಬ್ರಿಟನ್ನನ್ನು 4-0ರಿಂದ ಸೋಲಿಸಿ ಸ್ವತಂತ್ರ ಭಾರತದ ಮೊದಲ ಚಿನ್ನ ತಂದರು. ತಂಡದ ಕಿರಿಯರಲ್ಲಿ ಒಬ್ಬರಾದ ಕ್ಲಾಡಿಯಸ್ ಮುಂದೆ ನಾಲ್ಕು ಒಲಿಂಪಿಕ್ಸ್ ಆಡಿ, 33ನೇ ವಯಸ್ಸಿನಲ್ಲಿ 1960ರ ರೋಮಿನಲ್ಲಿ ನಾಯಕರಾಗಿ ಪಾಕಿಸ್ತಾನಕ್ಕೆ ಫೈನಲ್ ಸೋತರು. ಎಲ್ಲರ ಕೊನೆಯ ಆಟವೂ ಗೆಲುವಾಗುವುದಿಲ್ಲ.

ಧ್ಯಾನ್‌ಚಂದರ ಕೊನೆಯ ಪಂದ್ಯ ನಡೆದದ್ದು ಬಂಗಾಳ ತಂಡದ ವಿರುದ್ಧ. ಅದು ಡ್ರಾ ಆಯಿತು. ಬಂಗಾಳದ ಹಾಕಿ ಸಂಸ್ಥೆ ಸಾರ್ವಜನಿಕ ಸಭೆ ಕರೆದು ಅವರನ್ನು ಸನ್ಮಾನಿಸಿ ಬೀಳ್ಕೊಟ್ಟಿತು.

ವಯಸ್ಸು ಮೀರಿ ಆಡಿದವರು ಇನ್ನೂ ಇದ್ದಾರೆ. ಐಸ್ ಹಾಕಿಯಲ್ಲಿ ಕೆನಡಾದ ಗೋರ್ಡಿ ಹೌ 1980ರವರೆಗೆ, ಅಂದರೆ 52ರ ತನಕ ಆಡಿದರು, ಕೆಲವು ವರ್ಷ ತಮ್ಮ ಮಕ್ಕಳ ಜೊತೆ ಒಂದೇ ತಂಡದಲ್ಲಿ. ನಮ್ಮಲ್ಲಿ ಧನರಾಜ್ ಪಿಳ್ಳೈ 2004ರ ಅಥೆನ್ಸಿನಲ್ಲಿ 36ಕ್ಕೆ, ಗೋಲ್‌ಕೀಪರ್ ಶ್ರೀಜೇಶ್ 2024ರ ಪ್ಯಾರಿಸ್‌ನಲ್ಲಿ ಅದೇ ವಯಸ್ಸಿಗೆ ಒಲಿಂಪಿಕ್ಸ್ ಆಡಿದರು. ಶ್ರೀಜೇಶ್ ಕಂಚು ಗೆದ್ದು, ಮೊದಲೇ ಹೇಳಿದ್ದಂತೆ ಅಲ್ಲಿಗೆ ನಿಲ್ಲಿಸಿದರು. ನೆರೆಯ ಕೊಡಗಿನ ದಾರಿಯೇ ಬೇರೆ. ಅಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳನ್ನು ಕಂಡಿತು. ಅಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಆಡಬಹುದು. ನಮ್ಮ ಧರ್ಮಕೇಂದ್ರಗಳ ಕ್ರೀಡಾಕೂಟಗಳಲ್ಲಿ ಹಿರಿಯರಿಗೆ ಕುರ್ಚಿ ಹಾಕಿ ಕೂರಿಸಿ ಬಹುಮಾನ ಹಂಚಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇದರ ಬಗ್ಗೆ ನಮಗೆ ಬೇಸರವಿದೆ.

ಮುಂದಿನ ಕಥೆ ಅಷ್ಟು ಹಿತವಲ್ಲ. 1952ರಲ್ಲಿ ಅವರ ಆತ್ಮಕಥೆ ಮದ್ರಾಸಿನಲ್ಲಿ ಅಚ್ಚಾಯಿತು. 1956ರಲ್ಲಿ 51ನೇ ವಯಸ್ಸಿಗೆ ಸೇನೆಯಿಂದ ನಿವೃತ್ತಿ, ಅದೇ ವರ್ಷ ಪದ್ಮಭೂಷಣ. ಕೆಲವು ಕಾಲ ಮೌಂಟ್ ಅಬುವಿನ ಶಿಬಿರಗಳಲ್ಲಿ, ಬಳಿಕ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಹುಡುಗರಿಗೆ ಕಲಿಸಿದರು. ಕೊನೆಯ ದಿನಗಳನ್ನು ಝಾನ್ಸಿಯಲ್ಲಿ ಕಳೆದರು. ಅಹಮದಾಬಾದಿನ ಒಂದು ಪಂದ್ಯಾವಳಿಗೆ ಹೋದಾಗ ಇವರು ಯಾರೆಂದು ತಿಳಿಯದೆ ಹಿಂದೆ ಕಳುಹಿಸಿದರೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಸಮುದ್ರದಾಚೆಯವರು ಇವರಿಲ್ಲದೆ ತಂಡವೇ ಬೇಡವೆಂದಿದ್ದರು, ತನ್ನ ನಾಡಿನಲ್ಲಿ ಬಾಗಿಲಲ್ಲೇ ಗುರುತು ಸಿಗಲಿಲ್ಲ.

ಒಂದು ಸಂತೋಷ ಮಾತ್ರ ಅವರಿಗೆ ದಕ್ಕಿತು. 1975ರ ಮಾರ್ಚ್ 15ರಂದು ಕೌಲಾಲಂಪುರದಲ್ಲಿ ವಿಶ್ವಕಪ್ ಫೈನಲ್‌ನಲ್ಲಿ ಭಾರತ ಪಾಕಿಸ್ತಾನವನ್ನು 2-1ರಿಂದ ಗೆದ್ದಾಗ ಗೆಲುವಿನ ಗೋಲು ಹೊಡೆದದ್ದು ಅವರ ಮಗ ಅಶೋಕ್ ಕುಮಾರ್. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನ ಕೃತಕ ಹುಲ್ಲಿನ ಮೇಲೆ ಭಾರತ ಏಳನೇ ಸ್ಥಾನಕ್ಕೆ ಕುಸಿದದ್ದನ್ನೂ ಅವರು ನೋಡಬೇಕಾಯಿತು.

ಯಕೃತ್ತಿನ ಕ್ಯಾನ್ಸರ್ ಆಗಿ ಅವರನ್ನು ದೆಹಲಿಯ ಏಮ್ಸ್ ಆಸ್ಪತ್ರೆಗೆ ಸೇರಿಸಿದರು. ಮೊದಲು ಸಾಮಾನ್ಯ ವಾರ್ಡಿನಲ್ಲಿದ್ದರು. 1979ರ ಡಿಸೆಂಬರ್ 3ರಂದು, ನಮ್ಮವರು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬ ಆಚರಿಸುವ ದಿನ, ಅವರು ತೀರಿಕೊಂಡರು. ಆಗ ಅವರಿಗೆ 74. ದೇಹವನ್ನು ಝಾನ್ಸಿಗೆ ತಂದು ಹೀರೋಸ್ ಮೈದಾನದಲ್ಲೇ ಅಂತ್ಯಕ್ರಿಯೆ ಮಾಡಬೇಕೆಂದಾಗ ಅನುಮತಿ ಸಿಗುವುದು ಮೊದಲು ಕಷ್ಟವಾಯಿತು. ಕೊನೆಗೆ ಸಿಕ್ಕಿತು. ಪಂಜಾಬ್ ರೆಜಿಮೆಂಟಿನ ಸೈನಿಕರು ಬಂದು ಗೌರವ ಸಲ್ಲಿಸಿದರು, ಹುಡುಗನಾಗಿ ಆಡಿದ ಅದೇ ಮೈದಾನದಲ್ಲಿ.