ಕಾದ ಎಂಜಿನ್ನಿನ ಕಾಲದ ಮೈಸೂರಿಗ ಎಸ್.ವಿ. ಶೆಟ್ಟಿ

ವಿಮಾನವೆಂಬುದು ನಮ್ಮ ನಾಡಿನ ಜನರಿಗೆ ಇನ್ನೂ ಜಾತ್ರೆಯ ಬೆರಗಿನಂತಿದ್ದ ದಿನಗಳಲ್ಲಿ, ಇಂಗ್ಲೆಂಡಿನ ಕಾರ್ಖಾನೆಯೊಂದರಲ್ಲಿ ಅದರ ನಕ್ಷೆಯ ಮುಂದೆ ಕುಳಿತಿದ್ದ ಮೈಸೂರಿನ ಎಂಜಿನಿಯರ್ ಒಬ್ಬರಿದ್ದರು. 1879ರಲ್ಲಿ ಜನಿಸಿದ ಎಸ್.ವಿ. ಶೆಟ್ಟಿ ಅವರು ಮೈಸೂರು ಸರ್ಕಾರದ ಸೇವೆಯಲ್ಲಿದ್ದು, ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಲಂಡನ್ನಿನ ಫ್ಯಾರಡೆ ಹೌಸ್ ಸೇರಿದರು. ಆದರೆ ಅವರನ್ನು ಸೆಳೆದದ್ದು ಆಕಾಶ. 1911ರಲ್ಲಿ ಎ.ವಿ. ರೋ ಅವರ ಆವ್ರೋ ಸಂಸ್ಥೆಯನ್ನು ಸೇರಿದರು. ವಿಮಾನ ಹಾರಿಸಿದ ಮೊದಲ ಭಾರತೀಯರ ಸಾಲಿನಲ್ಲಿ ಅವರ ಹೆಸರಿದೆ.

ಅದೇ ವೇಳೆಗೆ ಜಾನ್ ಡ್ಯೂಗನ್ ಎಂಬ ಆಸ್ಟ್ರೇಲಿಯನ್ ಇಂಗ್ಲೆಂಡಿಗೆ ಬಂದಿದ್ದರು. ವಿಕ್ಟೋರಿಯಾ ಪ್ರಾಂತ್ಯದಲ್ಲಿದ್ದ ತಮ್ಮ ಕುಟುಂಬದ ಕುರಿಹಟ್ಟಿಯಲ್ಲಿ, ಸಹೋದರನ ನೆರವಿನಿಂದ ಸ್ವತಃ ವಿಮಾನ ಕಟ್ಟಿ 1910ರ ಜುಲೈ 16ರಂದು ಹಾರಿಸಿದ್ದ ಸಾಹಸಿ ಅವರು. ಆವ್ರೋ ಅವರಿಗಾಗಿ ಒಂದು ಬೈಪ್ಲೇನ್ ನಿರ್ಮಿಸಿತು. ಅದರ ವಿನ್ಯಾಸದ ಶ್ರೇಯಸ್ಸನ್ನು ಶೆಟ್ಟರ ಜೀವನವೃತ್ತಾಂತಗಳು ಅವರಿಗೇ ಸಲ್ಲಿಸುತ್ತವೆ. ವಿಮಾನಕ್ಕೆ ಮಾತ್ರ ಕೊಂಡವರ ಹೆಸರೇ ಅಂಟಿತು. ಇತಿಹಾಸದಲ್ಲಿ ಅದು ಆವ್ರೋ ಡ್ಯೂಗನ್.

ಆ ವಿಮಾನದ ಕಷ್ಟವೆಲ್ಲ ಎಂಜಿನ್ನಿನದು. ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಪ್ರೊಪೆಲ್ಲರ್ ತಿರುಗಿಸಲು ಒದಗುತ್ತಿದ್ದುದು ಹೆಚ್ಚೆಂದರೆ ಕಾಲು ಭಾಗ. ಉಳಿದುದರಲ್ಲಿ ಒಂದು ಪಾಲು ಹೊಗೆಯೊಡನೆ ಹೋದರೆ ಮತ್ತೊಂದು ಪಾಲು ಸಿಲಿಂಡರಿನ ಗೋಡೆಯನ್ನು ಕಾಯಿಸುತ್ತದೆ. ಅದನ್ನು ಹೊರಹಾಕದಿದ್ದರೆ ಎಣ್ಣೆ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೋಟಾರು ಕಾರನ್ನಾದರೆ ರಸ್ತೆಯ ಬದಿಗೆ ನಿಲ್ಲಿಸಿ ಒಂದು ಕೊಡ ನೀರು ಹೊಯ್ಯಬಹುದು. ಆಕಾಶದಲ್ಲಿ ಆ ಸೌಕರ್ಯವಿಲ್ಲ. ಹಾಗೆಂದು ಹೆಚ್ಚು ನೀರು ಹೊತ್ತರೆ ಪ್ರತಿ ಲೀಟರಿಗೂ ಒಂದು ಕಿಲೋ ಭಾರ. ರೇಡಿಯೇಟರ್ ದೊಡ್ಡದಾದರೆ ಗಾಳಿಯ ತಡೆಯೂ ದೊಡ್ಡದು.

ಆವ್ರೋ ಡ್ಯೂಗನ್‌ಗೆ ಮೊದಲು ಕೂರಿಸಿದ್ದು 40 ಅಶ್ವಶಕ್ತಿಯ ಆಲ್ವಾಸ್ಟನ್ ಎಂಜಿನ್. ನೀರು ತಣಿಸಲು ಸುರುಳಿ ಸುತ್ತಿದ ಕೊಳವೆಗಳ ಎರಡು ರೇಡಿಯೇಟರುಗಳನ್ನು ಮುಂದಿನ ಆಸನದ ಎಡಬಲಗಳಲ್ಲಿ ಇಟ್ಟಿದ್ದರು. ಆ ಎಂಜಿನ್ನಿನ ಬಲ ಸಾಲಲಿಲ್ಲ. ಕುಪ್ಪಳಿಕೆಗಿಂತ ಹೆಚ್ಚಿನದೇನೂ ಆಗಲಿಲ್ಲ. ಕಡೆಗೆ 35 ಅಶ್ವಶಕ್ತಿಯ ಇ.ಎನ್.ವಿ. ಎಂಜಿನ್ ಬಂದಿತು. ಕಾಗದದ ಮೇಲೆ ಹಿಂದಿನದಕ್ಕಿಂತ ದುರ್ಬಲ, ಗಾಳಿಯಲ್ಲಿ ಮಾತ್ರ ಸಮರ್ಥ! 1912ರ ಏಪ್ರಿಲ್‌ನಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಡ್ಯೂಗನ್ ಪೈಲಟ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಇದೇ ವಿಮಾನದಲ್ಲಿ.

ಶೆಟ್ಟರ ಹೆಸರು ಸೇರಿಕೊಂಡಿರುವ ಮತ್ತೊಂದು ವಿಮಾನ ಆವ್ರೋ 500. ಇದರ ಮೊದಲ ಮಾದರಿ 1912ರ ಮಾರ್ಚ್‌ನಲ್ಲಿ ಹಾರಿದಾಗ ಅದರಲ್ಲಿದ್ದುದು ನೀರಿನಿಂದ ತಣಿಯುವ, 60 ಅಶ್ವಶಕ್ತಿಯ ಇ.ಎನ್.ವಿ. ಎಂಜಿನ್. ಭಾರದಿಂದಾಗಿ ಮೇಲೇರುವ ವೇಗ ಸಾಲದಾಯಿತು. ಮೇ ತಿಂಗಳಲ್ಲಿ ಹಾರಿದ ಎರಡನೆಯ ಮಾದರಿಗೆ 50 ಅಶ್ವಶಕ್ತಿಯ ಫ್ರೆಂಚ್ ನೋಮ್ ಎಂಜಿನ್ ಹಾಕಿದರು. ಅದಕ್ಕೆ ನೀರೂ ಬೇಡ, ರೇಡಿಯೇಟರೂ ಬೇಡ. ಅದರಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನೊಡನೆ ಗಿರಗಿರನೆ ತಿರುಗಿ ತಮ್ಮ ಗಾಳಿಯನ್ನು ತಾವೇ ಬೀಸಿಕೊಳ್ಳುತ್ತಿದ್ದವು. 10 ಅಶ್ವಶಕ್ತಿ ಕಡಿಮೆಯಾದರೂ ವಿಮಾನ ಹೆಚ್ಚು ಚುರುಕಾಯಿತು. ಬ್ರಿಟಿಷ್ ಸೈನ್ಯ ಅದನ್ನು ಕೊಂಡಿತು. ಮರುವರ್ಷ ಇದೇ ವಂಶದಲ್ಲಿ ಹುಟ್ಟಿದ ಆವ್ರೋ 504 ಮೊದಲ ಮಹಾಯುದ್ಧದ ಕಾಲದಲ್ಲಿ 8000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಡ್ಯೂಗನ್‌ನ ವಿಮಾನಕ್ಕೂ ನೀರಿನ ಹೊರೆ ತಪ್ಪಿತೆನ್ನಬೇಕು. ಮಾರಾಟವಾದ ಮೇಲೆ ಅದು ನೋಮ್ ಎಂಜಿನ್ ಹೊತ್ತು, ದೋಣಿಯಂಥ ತೇಲುಗಳನ್ನು ಕಟ್ಟಿಸಿಕೊಂಡು, ಸೀ ಬರ್ಡ್ ಎಂಬ ಹೆಸರಿನಲ್ಲಿ ವಿಂಡರ್‌ಮಿಯರ್ ಸರೋವರದಿಂದ ಹಾರಿತು.

ಇಷ್ಟೆಲ್ಲ ಕಂಡ ಶೆಟ್ಟರು ತಾಯ್ನಾಡಿಗೆ ಮರಳಿದರು. ಇಲ್ಲಿ ವಿಮಾನದ ಕಾರ್ಖಾನೆಯಿರಲಿಲ್ಲ. ಅವರಿಗೆ ಒದಗಿದ್ದು ಬೆಂಗಳೂರಿನಲ್ಲಿ ಪಾಠ ಹೇಳುವ ಕೆಲಸ. ಅಂಬಾಜಿದುರ್ಗ, ನಂದಿಬೆಟ್ಟಗಳ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ ನಗರದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಅದರ ಆರಂಭದ ಅಧ್ಯಾಪಕರಲ್ಲಿ ಶೆಟ್ಟರೂ ಒಬ್ಬರು. ರೇಡಿಯೇಟರಿನ ಸುರುಳಿಯನ್ನೂ ತಿರುಗುವ ಸಿಲಿಂಡರನ್ನೂ ಕಣ್ಣಾರೆ ಕಂಡ ಮೇಷ್ಟರು ಆಗಿನ ಭಾರತದಲ್ಲಿ ಎಷ್ಟು ಮಂದಿ ಇದ್ದಾರು?

ಆ ಭಾಗ್ಯ ವಿದ್ಯಾರ್ಥಿಗಳಿಗೆ ಹೆಚ್ಚು ಕಾಲ ಉಳಿಯಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಇನ್‌ಫ್ಲುಯೆಂಜಾ ಸಾಂಕ್ರಾಮಿಕಕ್ಕೆ, ನಲವತ್ತು ತುಂಬುವ ಮೊದಲೇ, ಶೆಟ್ಟರು ಬಲಿಯಾದರು. ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪನೆಯಾದದ್ದು ಅದಾಗಿ 22 ವರ್ಷಗಳ ನಂತರ, 1940ರ ಡಿಸೆಂಬರ್‌ನಲ್ಲಿ.