ಧಾರವಾಡದಲ್ಲಿ ಹುಟ್ಟಿದ ಬೌಲರ್: ಪಾಲ್ವಂಕರ್ ಬಾಲೂ

ಭಾರತದ ಹೆಸರಾಂತ ಸ್ಪಿನ್ ಬೌಲರ್‌ಗಳು ಯಾರೆಂದು ಕೇಳಿದರೆ ನೀವು ಚಂದ್ರಶೇಖರ್, ಪ್ರಸನ್ನ, ಕುಂಬ್ಳೆ ಎನ್ನುತ್ತೀರಿ. ಇವರೆಲ್ಲರಿಗಿಂತ ಬಹಳ ಹಿಂದೆಯೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಪಾಲ್ವಂಕರ್ ಬಾಲೂ ಅವರ ಹೆಸರನ್ನು ಹೇಳುವವರು ಕಡಿಮೆ.

ಬಾಲೂ ಅವರು 1876ರಲ್ಲಿ ಧಾರವಾಡದಲ್ಲಿ ದಲಿತ ಕುಟುಂಬವೊಂದರಲ್ಲಿ ಜನಿಸಿದರು. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದರು. ತಿಂಗಳಿಗೆ 3 ರೂಪಾಯಿ ಸಂಬಳ. ನಂತರ ಆಂಗ್ಲರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ಜೆ.ಜಿ. ಗ್ರೇಗ್ ಮುಂತಾದ ಆಟಗಾರರಿಗೆ ಅಭ್ಯಾಸಕ್ಕಾಗಿ ಗಂಟೆಗಟ್ಟಲೆ ಬೌಲಿಂಗ್ ಮಾಡಿದರು. ಗ್ರೇಗ್ ತಾನು ಔಟಾದಾಗಲೆಲ್ಲ ಅವರಿಗೆ ಎಂಟಾಣೆ ಕೊಡುತ್ತಿದ್ದನೆಂದು ಹೇಳುತ್ತಾರೆ. ಆದರೆ ನೌಕರನ ಕೈಗೆ ಬ್ಯಾಟು ಮಾತ್ರ ಯಾರೂ ಕೊಡಲಿಲ್ಲ.

ಅವರ ಎಡಗೈ ಸ್ಪಿನ್ ಬೌಲಿಂಗ್‌ನ ಕೀರ್ತಿ ಊರೆಲ್ಲ ಹಬ್ಬಿದಾಗ ಪುಣೆಯ ಹಿಂದೂ ಕ್ಲಬ್ಬು ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಆಟದಲ್ಲಿ ಎಲ್ಲರೂ ಮುಟ್ಟಿದ್ದು ಒಂದೇ ಚೆಂಡನ್ನು. ಚಹಾದ ವೇಳೆಯಲ್ಲಿ ಮಾತ್ರ ಬಾಲೂ ಪೆವಿಲಿಯನ್ನಿನ ಹೊರಗೆ ನಿಂತು, ಎಸೆದುಬಿಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯಬೇಕಿತ್ತು. ಊಟಕ್ಕೂ ಬೇರೆ ಜಾಗ.

ಮುಂದೆ ಅವರು ಮುಂಬೈಗೆ ಬಂದರು. 1906ರಲ್ಲಿ ಹಿಂದೂ ತಂಡವು ಯುರೋಪಿಯನ್ ತಂಡವನ್ನು 109 ರನ್ನುಗಳಿಂದ ಸೋಲಿಸಿತು. ಆ ಜಯದಲ್ಲಿ ಬಾಲೂ ಅವರ ಪಾಲು ದೊಡ್ಡದು. 1911ರಲ್ಲಿ ಪಟಿಯಾಲ ಮಹಾರಾಜ ಭೂಪಿಂದರ್ ಸಿಂಗ್ ಅವರ ನಾಯಕತ್ವದಲ್ಲಿ ಪಾರ್ಸಿ, ಹಿಂದೂ, ಮುಸ್ಲಿಮ್ ಆಟಗಾರರನ್ನು ಒಳಗೊಂಡ ಅಖಿಲ ಭಾರತ ತಂಡವು ಇಂಗ್ಲೆಂಡ್ ಪ್ರವಾಸ ಮಾಡಿತು. ತಂಡವು ಹೆಚ್ಚಿನ ಪಂದ್ಯಗಳನ್ನು ಸೋತರೂ 35 ದಾಟಿದ ಬಾಲೂ 114 ವಿಕೆಟ್ ಪಡೆದರು. ಊರಿಗೆ ಮರಳಿದಾಗ ಅವರಿಗೆ ಸನ್ಮಾನಗಳಾದವು. ಯುವಕ ಅಂಬೇಡ್ಕರ್ ಅವರಿಗೂ ಬಾಲೂ ಮೆಚ್ಚಿನ ವೀರರಾಗಿದ್ದರು.

ಇಷ್ಟಾದರೂ ನಾಯಕತ್ವವು ಅವರಿಗೆ ದೊರೆಯಲಿಲ್ಲ. ಅದಕ್ಕೆ ಅಡ್ಡ ಬಂದದ್ದು ಆಟವಲ್ಲ, ಜಾತಿ. 1920ರಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ಅವರ ತಮ್ಮ ವಿಠಲ್ ಅವರಿಗೂ ನಾಯಕತ್ವವನ್ನು ನಿರಾಕರಿಸಿದಾಗ ವಿಠಲ್ ಮತ್ತು ಇನ್ನೊಬ್ಬ ತಮ್ಮ ಶಿವರಾಮ್ ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಅನಂತರ ಬಾಲೂ ಉಪನಾಯಕರಾದರು. 1923ರಲ್ಲಿ ವಿಠಲ್ ನಾಯಕರೇ ಆದರು. ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಲೂ ರಾಜಕೀಯಕ್ಕೂ ಇಳಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್ ಅವರ ವಿರುದ್ಧವೇ ಸ್ಪರ್ಧಿಸಿ ಸುಮಾರು 2 ಸಾವಿರ ಮತಗಳಿಂದ ಸೋತರು. 1955ರಲ್ಲಿ ಮುಂಬೈಯಲ್ಲಿ ನಿಧನರಾದರು.

ಬಾಲೂ ಅವರ ಶ್ರಮ ಮತ್ತು ಸಹನೆಯನ್ನು ನಾವು ಮಾದರಿಯಾಗಿ ತೆಗೆದುಕೊಳ್ಳುತ್ತೇವೆ, ಅದು ಸರಿ. ಆದರೆ ಅವರನ್ನು ಹೊರಗೆ ನಿಲ್ಲಿಸಿ ಚಹಾ ಕೊಟ್ಟವರ ಬಗ್ಗೆಯೂ ಯೋಚಿಸಬೇಕು. ಅವರ ವಿಕೆಟ್‌ಗಳು ಬೇಕಿದ್ದವು, ಅವರ ಜತೆ ಕುಳಿತುಕೊಳ್ಳುವುದು ಬೇಡವಾಗಿತ್ತು. ನಾಳೆ ಶಾಲೆಯ ಮೈದಾನದಲ್ಲಿ ತಂಡ ಕಟ್ಟುವಾಗ ಯಾರನ್ನು ಕರೆಯುತ್ತೇವೆ, ಯಾರನ್ನು ನಾಯಕನನ್ನಾಗಿ ಮಾಡುತ್ತೇವೆ ಎಂಬುದನ್ನು ನಾವೆಲ್ಲರೂ ಒಮ್ಮೆ ನೋಡಿಕೊಳ್ಳೋಣ.